ಜೆಸಿಬಿ ಕರೆಯುವ ಮೊದಲು ಗಳ ಇಳಿಸಿ

ಕೆರೆ ಹೂಳು ಅಂದಕೂಡಲೇ ನಮ್ಮ ಶಿರಸಿ ಕಡೆ ಜೆಸಿಬಿ ಬಾಡಿಗೆಯ ಮಾತು ಶುರುವಾಗುತ್ತದೆ. ನನ್ನ ಪ್ರಶ್ನೆ ಬೇರೆ: ಹೂಳು ಎಷ್ಟಿದೆ, ಎಲ್ಲಿಂದ ಬಂತು?

ಅಡಿಕೆಯ ಕೊನೆಕೊಯ್ಲು ಮುಗಿದು ಕೈ ಬಿಡುವಾದಾಗ, ಕೆರೆಯಲ್ಲಿ ಇನ್ನೂ ನೀರಿರುವಾಗಲೇ ಅಳೆಯಿರಿ. ಹೂಳಿಗೆ ಕಾಲಿಡಬೇಡಿ, ಸೊಂಟದವರೆಗೆ ಹುಗಿಯುತ್ತದೆ. ಬಾಳೆದಿಂಡಿನ ತೆಪ್ಪದ ಮೇಲಿಂದ ಹತ್ತು ಮಾರಿಗೊಮ್ಮೆ ಬಿದಿರು ಗಳ ಊರಿ. ಮೆತ್ತಗೆ ಇಳಿದಷ್ಟು ಹೂಳು, ಅಂಟು ಜೇಡಿಗೆ ತಾಗಿ ನಿಂತಲ್ಲಿ ಹಳೆಯ ತಳ. ಒಂದು ಎಕರೆಯಲ್ಲಿ ಒಂದಡಿ ಹೂಳೆಂದರೆ 43,560 ಘನ ಅಡಿ. 200 ಘನ ಅಡಿ ಹಿಡಿಯುವ ಟಿಪ್ಪರಿಗೆ 218 ಲೋಡ್. ಈ ಲೆಕ್ಕ ಕೈಯಲ್ಲಿದ್ದರೆ ಗುತ್ತಿಗೆದಾರ ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕಿಲ್ಲ.

ಅಗೆಯುವಾಗ ಆ ಜೇಡಿ ತಳವನ್ನು ಮುಟ್ಟಬಾರದು. ಕೆಳಗಿರುವುದು ತೂತುತೂತಾದ ಜಂಬಿಟ್ಟಿಗೆ ಕಲ್ಲು, ಜೇಡಿ ಹರಿದರೆ ನೀರು ಸೋರಿ ಮಾರ್ಚಿಗೇ ಕೆರೆ ಖಾಲಿ. ಏರಿಯ ಬುಡವನ್ನೂ ಕೆರೆಯಬೇಡಿ, ಏರಿ ಜಾರುತ್ತದೆ. 'ಇನ್ನೂ ಆಳ ಮಾಡಿ' ಅನ್ನುವವರು ಎಲ್ಲ ಊರಲ್ಲೂ ಇರುತ್ತಾರೆ, ಅವರಿಗೆ ಚಹಾ ಕೊಟ್ಟು ಕೂರಿಸಿ.

ಕಾಳಿ ನದಿಯ ಸೂಪಾದಂಥ ಜಲಾಶಯವಿರಲಿ, ಊರಕೆರೆಯಿರಲಿ, ದಪ್ಪ ಮರಳು ನೀರು ಒಳಬರುವ ಬಾಯಲ್ಲೇ ಕೂರುತ್ತದೆ, ನುಣುಪು ಮಣ್ಣು ಏರಿಯತ್ತ ಸಾಗುತ್ತದೆ. ತೋಟಕ್ಕೆ ಬೇಕಾದದ್ದು ಈ ನುಣುಪು ಮಣ್ಣು. ಒಣಗಿಸಿ ಅಡಿಕೆ ಬುಡಕ್ಕೆ ತೆಳ್ಳಗೆ ಹರಡಿ. ದಂಡೆಯ ಮೇಲೆ ಮಾತ್ರ ರಾಶಿ ಹಾಕಬೇಡಿ. ಮೃಗಶಿರಾ ಮಳೆ ಅದನ್ನು ತಿರುಗಿ ಕೆರೆಗೇ ಇಳಿಸುತ್ತದೆ, ಬಾಡಿಗೆ ನಿಮ್ಮ ತಲೆಗೆ.

ಇನ್ನು ಮೂಲ. ಹೂಳು ಹುಟ್ಟುವುದು ಮೇಲಿನ ಬೆಟ್ಟದಲ್ಲಿ. ದರಕನ್ನು, ಅಂದರೆ ಉದುರಿದ ಒಣ ಎಲೆಯನ್ನು, ಒಂದೂ ಬಿಡದೆ ಗುಡಿಸಿದ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರುವ ಕಾಡು), ಚರಂಡಿಯಿಲ್ಲದ ಹೊಸ ಮಣ್ಣುರಸ್ತೆ, ಬೋಳಾದ ಹಳ್ಳದ ದಂಡೆ, ಈ ಮೂರನ್ನು ಮಳೆ ಸುರಿಯುವಾಗಲೇ ಕೊಡೆ ಹಿಡಿದು ಹೋಗಿ ನೋಡಿ. ಕೆಂಪು ನೀರು ಎಲ್ಲಿಂದ ಸೇರುತ್ತದೋ ಅಲ್ಲೇ ಕೆಲಸ. ದರಕು ಅರ್ಧ ಬಿಡಿ, ದಂಡೆಗೆ ಕೇದಿಗೆ ಜಾತಿಯ ಮುಂಡಿಗೆ ಗಿಡ ನೆಡಿ, ಇಳಿಜಾರಿಗೆ ಲಾವಂಚ. ಕೆರೆಬಾಯಿಗಿಂತ ಮೇಲೆ ಹಳ್ಳವನ್ನು ಅಗಲಿಸಿ ಹೂಳುಗುಂಡಿ ತೋಡಿ, ಅದರ ಕೆಳಬದಿಗೆ ಕಲ್ಲಿನ ತಡೆ ಕಟ್ಟಿ. ನೀರಿನ ಓಟ ನಿಧಾನವಾದಲ್ಲಿ ಮರಳು ಇಳಿಯುತ್ತದೆ. ಪ್ರತಿ ಬೇಸಿಗೆ ಗುಂಡಿ ಖಾಲಿ ಮಾಡುವ ಪಾಳಿಯನ್ನು ಈಗಲೇ ಮನೆಮನೆಗೆ ಹಂಚಿ. ಗುಂಡಿ ತುಂಬಿದರೆ ಅದು ಇದ್ದೂ ಇಲ್ಲದಂತೆ.

ಹೂಳೆತ್ತಿದ ಉಮೇದಿನಲ್ಲಿ ಕೋಡಿಗೆ ಮರಳಿನ ಚೀಲ ಒಟ್ಟಿ ಇನ್ನೊಂದಡಿ ನೀರು ನಿಲ್ಲಿಸುವ ಆಸೆ ಬೇಡ. ಕೋಡಿಯಲ್ಲಿ ಹೋಗಬೇಕಾದ ನೀರು ಏರಿ ಹತ್ತಿ ಹರಿದರೆ ಮಣ್ಣಿನ ಏರಿ ಒಂದೇ ರಾತ್ರಿಯಲ್ಲಿ ಕೊಚ್ಚಿಹೋಗಬಹುದು, ಕೆಳಗಿನ ತೋಟವೂ ಜೊತೆಗೆ.