ಗಡಸು ನೀರಿಗೂ ಬಗ್ಗದ ಹೂಗಿಡಗಳು: ಕೋಲಾರದ ಒಂದು ಅಂಗಳದಿಂದ

ನನ್ನ ಹೊಲಿಗೆ ಮಿಷನ್ ಇರುವುದು ಕಿಟಕಿ ಪಕ್ಕ. ಬ್ಲೌಸಿಗೆ ತೋಳು ಕೂರಿಸುತ್ತಾ ಕತ್ತೆತ್ತಿದರೆ ಅಂಗಳ ಕಾಣುತ್ತದೆ. ಕೋಲಾರದಲ್ಲಿ ಬಂಗಾರಪೇಟೆ ರಸ್ತೆ ಕಡೆಯ ಬಡಾವಣೆ, 30×40ರ ಸೈಟು. ಮನೆ ಕಟ್ಟಿ ಉಳಿದದ್ದು ಮುಂದೆ ಐದಡಿ, ಪಕ್ಕಕ್ಕೆ ಮೂರಡಿ, ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಒಂದಿಷ್ಟು ಜಾಗ. ಹಿಂದಿನ ಗೋಡೆಯಾಚೆ ಹಿಪ್ಪುನೇರಳೆ ತೋಟ. ಇಷ್ಟು ಜಾಗದಲ್ಲಿ ನಾನು ಇದುವರೆಗೆ ಸಾಯಿಸಿದ ಗಿಡಗಳನ್ನೆಲ್ಲ ಸಾಲಾಗಿ ಇಟ್ಟರೆ ಒಂದು ನರ್ಸರಿ ನಡೆಸಬಹುದು. "ಅಕ್ಕಾ, ಮನೆ ಮುಂದೆ ಹೂ ಬೇಕು, ನೋಡ್ಕೊಳ್ಳೋಕೆ ಟೈಮಿಲ್ಲ, ಏನು ಹಾಕ್ಲಿ?" ಅಂತ ಅಳತೆ ಕೊಡಲು ಬರುವವರು ಕೇಳುತ್ತಿರುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ನಿಮ್ಮ ಬಕೆಟ್ ನೋಡಿ. ಒಳಗೆ ಬಿಳಿ ಪೊರೆ ಕಟ್ಟಿದ್ದರೆ ನಿಮ್ಮದೂ ನಮ್ಮದೇ ನೀರು. ವರ್ಷವಿಡೀ ಹರಿಯುವ ಹೊಳೆ ಒಂದೂ ಇಲ್ಲದ ಜಿಲ್ಲೆ ನಮ್ಮದು, ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳೇ ಗತಿ. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಬಿಟ್ಟದ್ದು, ಕೆರೆಗಳಿಗೆ ಬಂತು, ನಮ್ಮ ನಲ್ಲಿಯ ನೀರು ಮಾತ್ರ ಗಡಸಾಗಿಯೇ ಉಳಿದಿದೆ. ಈ ನೀರು ಎಲ್ಲ ಗಿಡಕ್ಕೂ ಒಗ್ಗಲ್ಲ ಅಂತ ನನಗೆ ಗೊತ್ತಾಗಿದ್ದು ಇಕ್ಸೋರಾದಿಂದ. ಕರಾವಳಿಯವರು ಕೇಪಳ ಅನ್ನುವ ಜಾತಿ. ಗೇಟಿನ ಎರಡೂ ಕಡೆ ಕೆಂಪು ಗೊಂಚಲು ಬಿಡಲಿ ಅಂತ ಎರಡು ನೆಟ್ಟೆ. ಕುಡಿಯುವ ನೀರಿನ ಆರ್‌ಓ ಫಿಲ್ಟರ್‌ನಿಂದ ಆಚೆ ಹೋಗುವ ನೀರನ್ನು ದಂಡ ಮಾಡಬಾರದು ಅಂತ ದಿನವೂ ಅದನ್ನೇ ಹಾಕಿದೆ. ಮೂರು ತಿಂಗಳಲ್ಲಿ ಎಲೆಯೆಲ್ಲ ಹಳದಿ, ನರ ಮಾತ್ರ ಹಸಿರು. ಗೊಬ್ಬರ ಸಾಲದು ಅಂದುಕೊಂಡು ಇನ್ನಷ್ಟು ಗೊಬ್ಬರ ಸುರಿದೆ. ವಿಷಯ ಅದಲ್ಲ. ಫಿಲ್ಟರ್ ಒಳ್ಳೆಯ ನೀರನ್ನು ಚೊಂಬಿಗೆ ಕೊಟ್ಟು, ಉಪ್ಪನ್ನೆಲ್ಲ ಉಳಿದ ನೀರಿಗೆ ತುಂಬಿ ಹೊರಗೆ ಬಿಡುತ್ತದೆ. ಅದು ಬಿದ್ದ ಮಣ್ಣು ಕ್ಷಾರವಾಗಿ, ಮಣ್ಣಲ್ಲಿ ಕಬ್ಬಿಣದ ಅಂಶ ಇದ್ದರೂ ಬೇರಿಗೆ ಸಿಗದ ಹಾಗೆ ಆಗುತ್ತದೆ. ಇಕ್ಸೋರಾಗೆ ಹುಳಿ ಮಣ್ಣು ಬೇಕು. ಎರಡನ್ನೂ ಕಿತ್ತು ತೀರ್ಥಹಳ್ಳಿಯ ನಾದಿನಿಗೆ ಕೊಟ್ಟೆ. ಅಲ್ಲಿ ಯಾರೂ ತಿರುಗಿ ನೋಡದಿದ್ದರೂ ಬೇಲಿ ತುಂಬ ಹೂ ಬಿಟ್ಟು ನಿಂತಿವೆ, ಫೋಟೋ ಕಳಿಸಿ ಹೊಟ್ಟೆ ಉರಿಸುತ್ತಾಳೆ.

ಇನ್ನೊಂದು ತಪ್ಪು ಜನವರಿಯದು. ಲಾಲ್‌ಬಾಗ್ ಫ್ಲವರ್ ಶೋ ನೋಡಲು ಹೋಗಿ, ವಾಪಸ್ ಬರುವಾಗ ನೀಲಿ ಹೈಡ್ರೇಂಜಿಯಾದ ಎರಡು ಕುಂಡವನ್ನು ಬಸ್ಸಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ. ಯುಗಾದಿ ಹೊತ್ತಿಗೆ ಕಡ್ಡಿ ಉಳಿಯಿತು. ಜನವರಿಯ ಚಳಿಯಲ್ಲಿ ಎಲ್ಲ ಗಿಡವೂ ಮದುವೆ ಹೆಣ್ಣೇ. ಅಂದಹಾಗೆ 1760ರಲ್ಲಿ ಲಾಲ್‌ಬಾಗ್‌ಗೆ ಕೈ ಹಾಕಿದ ಹೈದರಾಲಿ ಹುಟ್ಟಿದ್ದು ನಮ್ಮ ಜಿಲ್ಲೆಯ ಬೂದಿಕೋಟೆಯಲ್ಲಿ. ತೋಟ ಮಾತ್ರ ಬೆಂಗಳೂರಿಗೆ ಹೋಯಿತು, ನಮಗೆ ಬೂದಿಕೋಟೆಯ ಬಂಡೆ ಉಳಿಯಿತು.

ಆದ್ದರಿಂದ ನರ್ಸರಿಗೆ ಹೋಗುವ ಮೊದಲು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಊರು ಸುತ್ತಿ ಬನ್ನಿ. ಬೀಗ ಹಾಕಿದ ಮನೆಗಳ ಕಾಂಪೌಂಡು, ದೇವಸ್ಥಾನದ ಹಿಂಭಾಗ, ಹಳೆ ಕ್ವಾರ್ಟರ್ಸು, ಮುಳಬಾಗಿಲು ಕಡೆ ಹೋಗುವ ಹೆದ್ದಾರಿಯ ನಡುವಿನ ಪಟ್ಟಿ. ಯಾರೂ ನೀರು ಹಾಕದೆ ಅಲ್ಲಿ ಹೂ ಬಿಟ್ಟಿರುವುದು ಯಾವುದೋ ಅದನ್ನು ಬರೆದುಕೊಳ್ಳಿ. ನನ್ನ ಪಟ್ಟಿ ಹುಟ್ಟಿದ್ದೇ ಹಾಗೆ.

ಅದರಲ್ಲಿ ಮೊದಲನೆಯದು ನಂದಿಬಟ್ಟಲು. ಒಂದೇ ಗಿಡ ಹಾಕುವಷ್ಟು ಜಾಗ ಇದ್ದರೆ ಇದನ್ನೇ ಹಾಕಿ ಅನ್ನುತ್ತೇನೆ. ಹೂವಿಲ್ಲದ ಕಾಲದಲ್ಲೂ ಎಲೆ ಮಿರಮಿರ ಅನ್ನುತ್ತದೆ, ದನ ಮೇಕೆ ಬಾಯಿ ಹಾಕಲ್ಲ, ಬಿಸಿಲಿಗೂ ಸೈ ಅರೆನೆರಳಿಗೂ ಸೈ. ಸುತ್ತಿನದು, ಒಂಟಿ ಎಸಳಿನದು ಎರಡೂ ಸಿಗುತ್ತವೆ. ಸುತ್ತಿನದು ನೋಡಲು ಚೆಂದ, ಮಳೆ ಬಂದರೆ ನೀರು ಹಿಡಿದು ಕಂದಾಗುತ್ತದೆ. ಪೂಜೆಗೆ ದಿನವೂ ಬೇಕಾದರೆ ಒಂಟಿ ಎಸಳಿನದೇ ವಾಸಿ. ಸಾಲಾಗಿ ನೆಡುವುದಾದರೆ ಮೂರಡಿ ಅಂತರ ಬಿಡಿ. ನಾನು ಹೊಲಿಗೆ ಟೇಪಿನಲ್ಲೇ ಅಳೆದೆ.

ಕಣಗಿಲೆಗೆ ಉಪ್ಪು ನೀರಾದರೂ ಆದೀತು. ಆರ್‌ಓ ನೀರನ್ನು ಈಗ ಅದಕ್ಕೇ ಬಿಡುತ್ತೇನೆ, ಗುಲಾಬಿ ಬಣ್ಣದ ಹೂ ಹಾಗೇ ಬಿಡುತ್ತಿದೆ. ಒಂದು ಎಚ್ಚರ: ಎಲೆ, ಕಡ್ಡಿ, ಹೂ, ಹಾಲು ಎಲ್ಲವೂ ವಿಷ. ಒಮ್ಮೆ ಕತ್ತರಿಸಿದ ಕೊಂಬೆಗಳನ್ನು ಚರಂಡಿ ಪಕ್ಕ ರಾಶಿ ಹಾಕಿ ಒಳಗೆ ಬಂದೆ. ಹಾಲು ಹಾಕುವ ಮುನಿಯಮ್ಮನವರು ಬೀದಿಯಿಂದಲೇ ಕೂಗಿದರು, "ಏನಮ್ಮಾ, ನಮ್ಮ ಹಸು ಸಾಯಿಸ್ಬೇಕು ಅಂತಿದೀಯಾ?" ನಿಂತ ಗಿಡವನ್ನು ಮುಟ್ಟದ ದನ, ಕತ್ತರಿಸಿ ಬಾಡಿದ ಸೊಪ್ಪಿಗೆ ಬಾಯಿ ಹಾಕಿಬಿಡುತ್ತದೆ. ಆ ಕಡ್ಡಿ ಒಲೆಗೂ ಬೇಡ, ಹೊಗೆಯೂ ಒಳ್ಳೆಯದಲ್ಲ. ಗುಂಡಿ ತೆಗೆದು ಹೂಳಿಬಿಡಿ. ಅಂಬೆಗಾಲಿಡುವ ಮಗು ಇರುವ ಮನೆಯವರು ಈ ಗಿಡ ಬಿಟ್ಟುಬಿಡುವುದೇ ಕ್ಷೇಮ.

ಕಾಗದದ ಹೂವಿನ ಬಗ್ಗೆ ಎಲ್ಲರದ್ದೂ ಒಂದೇ ದೂರು: "ಬರೀ ಎಲೆ ಬರುತ್ತೆ." ಕೇಳಿದರೆ ದಿನವೂ ನೀರು ಹಾಕುತ್ತಿರುತ್ತಾರೆ. ಅದಕ್ಕೆ ನೀರು ಕೊಟ್ಟರೆ ಎಲೆ, ಬಾಯಾರಿಸಿದರೆ ಹೂ. ದಿನಕ್ಕೆ ಆರು ಗಂಟೆಯಾದರೂ ಬಿಸಿಲು ಬೀಳಬೇಕು. ಹೊಸ ಚಿಗುರಿನ ತುದಿಯಲ್ಲೇ ಹೂ ಬರುವುದರಿಂದ, ಒಂದು ಸುತ್ತು ಹೂ ಉದುರಿದ ಮೇಲೆ ತುದಿಗಳನ್ನು ಕತ್ತರಿಸಿ. ಮುಳ್ಳಿದೆ, ಆದ್ದರಿಂದ ಗೇಟಿಗೆ ತಗಲುವ ಹಾಗೆ ನೆಡಬೇಡಿ. ನನ್ನ ಗಿರಾಕಿಯೊಬ್ಬರ ರೇಷ್ಮೆ ಸೀರೆ ಅದಕ್ಕೆ ಸಿಕ್ಕಿ ಎಳೆ ಬಂತು, ಆ ಕೋಪ ನನ್ನ ಕೂಲಿಯ ಮೇಲೆ ತಿರುಗಿತು.

ಸ್ಫಟಿಕದ ಹೂ, ನಮ್ಮಲ್ಲಿ ಕೆಲವರು ಡಿಸೆಂಬರ್ ಹೂ ಅನ್ನುವುದು, ವಾಸನೆ ಇಲ್ಲ ಅಂತ ಮೂಲೆಗೆ ತಳ್ಳಿಸಿಕೊಂಡ ಗಿಡ. ನನಗೆ ಅದರ ಮೇಲೆ ಪ್ರೀತಿ. ದೀಪಾವಳಿಯ ಆಸುಪಾಸಿನಲ್ಲಿ ಶುರುವಾದರೆ ಸಂಕ್ರಾಂತಿವರೆಗೂ ನೇರಳೆ, ಬಿಳಿ, ಗುಲಾಬಿ ಹೂ. ಕಡ್ಡಿ ಚುಚ್ಚಿದರೆ ಬರುತ್ತದೆ. ಉಳಿದ ಒಂಬತ್ತು ತಿಂಗಳು ಏನೂ ಕೇಳದೆ ಸುಮ್ಮನಿರುತ್ತದೆ. ಹೂ ಮುಗಿದ ಮೇಲೆ ನೆಲದಿಂದ ಒಂದಡಿಗೆ ಕತ್ತರಿಸಿದರೆ ಮುಂದಿನ ವರ್ಷ ಪೊದೆ ದುಂಡಗೆ ಬರುತ್ತದೆ.

ಅದರ ಬುಡದಲ್ಲಿ ಕನಕಾಂಬರ. ನರ್ಸರಿಯಲ್ಲಿ "ಡೆಲ್ಲಿ ಕನಕಾಂಬರ" ಅಂತ ಕೇಳಿ ತನ್ನಿ. ಹೂ ದೊಡ್ಡದು, ಬೀಜ ಕಟ್ಟದ ಜಾತಿ, ಕಡ್ಡಿಯಿಂದಲೇ ಬೆಳೆಸಬೇಕು. ಚೆನ್ನಾಗಿದ್ದ ಗಿಡ ಇದ್ದಕ್ಕಿದ್ದಂತೆ ಬಾಡಿದರೆ ಕಿತ್ತು ಬೇರು ನೋಡಿ. ಸಣ್ಣ ಸಣ್ಣ ಗಂಟುಗಳಿದ್ದರೆ ಅದು ಜಂತುಹುಳುವಿನ ಕಾಟ. ಅಲ್ಲಿ ಮತ್ತೆ ಕನಕಾಂಬರ ಬೇಡ, ಒಂದು ಹಂಗಾಮು ಚೆಂಡು ಹೂ ಹಾಕಿ, ಹುಳು ಕಡಿಮೆಯಾಗುತ್ತದೆ.

ನಿತ್ಯಪುಷ್ಪವನ್ನು ಯಾರೂ ಕೊಂಡು ತರುವುದಿಲ್ಲ, ಅದೇ ಬರುತ್ತದೆ. ನಮ್ಮ ಅತ್ತೆ ತೆಲುಗಿನಲ್ಲಿ ಬಿಳ್ಳ ಗನ್ನೇರು ಅನ್ನುತ್ತಿದ್ದರು. ಸಿಮೆಂಟ್ ಬಿರುಕಿನಲ್ಲೂ ಹೂ ಬಿಡುತ್ತದೆ, ನೀರು ಹೆಚ್ಚಾದರೆ ಮಾತ್ರ ಕೊಳೆಯುತ್ತದೆ. ಸಕ್ಕರೆ ಕಾಯಿಲೆಗೆ ಒಳ್ಳೆಯದು ಅಂತ ಎಲೆ ಅಗಿಯುವವರನ್ನು ಕಂಡಿದ್ದೇನೆ, ದಯವಿಟ್ಟು ಬೇಡ. ಕ್ಯಾನ್ಸರ್‌ಗೆ ಕೊಡುವ ವಿನ್‌ಕ್ರಿಸ್ಟಿನ್ ಔಷಧ ತೆಗೆಯುವುದು ಇದೇ ಗಿಡದಿಂದ, ಮನೆಯಲ್ಲಿ ಕೈಯಳತೆಯಲ್ಲಿ ತಿನ್ನುವಂಥದ್ದಲ್ಲ. ಬಟ್ಟೆ ಒಗೆಯುವ ಕಲ್ಲಿನ ನೀರು ಹರಿಯುವ ಕಡೆ ಕಾಬಾಳೆ ಹಾಕಿದ್ದೇನೆ. ಸೋಪಿನ ನೀರನ್ನೇ ಕುಡಿದು ಆಳೆತ್ತರ ಬೆಳೆದಿದೆ. ಮೂಲೆಯಲ್ಲಿ ರತ್ನಗಂಧಿ, ಬೀಜ ಉದುರಿ ತಾನೇ ಹುಟ್ಟಿದ್ದು. ಗುಲಾಬಿಯನ್ನು ಈ ಪಟ್ಟಿಗೆ ಸೇರಿಸಲಾರೆ. ಅದು ಗಿಡವಲ್ಲ, ಉದ್ಯೋಗ.

ಇನ್ನು ದಾಸವಾಳ. ಸುಲಭದ ಗಿಡ ಅಂತ ಎಲ್ಲರೂ ಮೊದಲು ತರುವುದು ಇದನ್ನೇ. ನಾನೂ ಹಿಂದಿನ ಗೋಡೆಯುದ್ದಕ್ಕೆ ಐದು ನೆಟ್ಟಿದ್ದೆ. ಎರಡನೇ ಬೇಸಿಗೆಯಲ್ಲಿ ತುದಿಗಳಿಗೆಲ್ಲ ಬಿಳಿ ಹಿಟ್ಟು ಚೆಲ್ಲಿದ ಹಾಗೆ ಹಿಟ್ಟು ತಿಗಣೆ. ಅಷ್ಟರಲ್ಲಿ ಗೋಡೆಯಾಚೆಯ ರೇಷ್ಮೆ ತಾತ ಬಾಗಿಲಿಗೆ ಬಂದರು. ಕೈಯಲ್ಲಿ ಹಿಪ್ಪುನೇರಳೆಯ ಒಂದು ಕುಡಿ, ಮುದುಡಿ ಗಂಟಾಗಿತ್ತು. "ನೋಡಮ್ಮ, ತುಕ್ರಾ. ನಿನ್ನ ದಾಸವಾಳದಲ್ಲಿ ಇರೋದೂ ಇದೇ ಹುಳ." ನಿಜ, ಹಿಪ್ಪುನೇರಳೆಗೆ ತುಕ್ರಾ ರೋಗ ತರುವ ಗುಲಾಬಿ ಬಣ್ಣದ ಹಿಟ್ಟು ತಿಗಣೆಗೆ ದಾಸವಾಳ ಅಂದರೆ ತವರುಮನೆ. ಮದ್ದು ಹೊಡೆಯೋಣ ಅಂದೆ. "ಹೊಡೆದ್ರೆ ನನ್ನ ಹುಳ ಸಾಯ್ತವೆ, ಬೇವಿನೆಣ್ಣೆ ಬಿದ್ದ ಸೊಪ್ಪನ್ನೂ ಮೂಸಲ್ಲ" ಅಂದರು. ಹಣ್ಣಾಗಿ ಗೂಡು ಕಟ್ಟಲು ನಾಲ್ಕು ದಿನ ಇರುವ ರೇಷ್ಮೆ ಹುಳು ಅವರ ಮನೆಯಲ್ಲಿದ್ದಾಗ ನನ್ನ ಹೂವಿನ ಚಿಂತೆ ದೊಡ್ಡದೇ? ಐದರಲ್ಲಿ ನಾಲ್ಕನ್ನು ತೆಗೆಸಿದೆ, ಆ ಸಾಲಿನಲ್ಲಿ ಈಗ ನಂದಿಬಟ್ಟಲು ಇದೆ.

ಒಂದನ್ನು ರಸ್ತೆ ಕಡೆಗೆ ತಂದು ಉಳಿಸಿಕೊಂಡೆ, ಅತ್ತೆ ನೆಟ್ಟ ಕೆಂಪು ದಾಸವಾಳದ ಕಡ್ಡಿ ಅದು. ಪ್ರತಿ ಶುಕ್ರವಾರ ಹೂ ಕೊಯ್ಯುವಾಗ ತುದಿ ತಿರುಗಿಸಿ ನೋಡುತ್ತೇನೆ. ಮುದುಡಿದ ಕುಡಿ ಕಂಡರೆ ಕತ್ತರಿಸಿ ಸೋಪಿನ ನೀರಿನ ಡಬ್ಬಿಗೆ. ಕಾಂಡದ ಮೇಲೆ ಇರುವೆ ಸಾಲು ಹತ್ತುತ್ತಿದ್ದರೆ ಹಿಟ್ಟು ತಿಗಣೆ ಎಲ್ಲೋ ಇದೆ ಅಂತಲೇ ಲೆಕ್ಕ. ಅದರ ಸಿಹಿ ರಸಕ್ಕಾಗಿ ಇರುವೆಗಳೇ ಕಾವಲು ಕಾಯುತ್ತವೆ. ಒಂದು ಮಾತು ನೆನಪಿಡಿ: ಮೈಯೆಲ್ಲ ಬಿಳಿ ಜಡೆ ಬಿಟ್ಟುಕೊಂಡು ಚುರುಕಾಗಿ ಓಡಾಡುವ ಮರಿ ಕಂಡರೆ ಕೊಲ್ಲಬೇಡಿ. ಅದು ತಿಗಣೆಯನ್ನೇ ತಿನ್ನುವ ಗುಲಗಂಜಿ ಹುಳುವಿನ ಮರಿ. ತುಕ್ರಾ ಹತೋಟಿಗೆ ರೇಷ್ಮೆ ಬೆಳೆಗಾರರು ತೋಟಕ್ಕೆ ತಂದು ಬಿಡುವುದೂ ಅದನ್ನೇ. ನಾನು ಮೊದಲ ವರ್ಷ ಅವನ್ನೂ ಹೊಸಕಿ ಹಾಕಿದ್ದೆ.

ಗಿಡ ತರುವಾಗ ಹೂ ನೋಡಬೇಡಿ, ಬುಡ ನೋಡಿ. ಕಾಂಡ ಪೆನ್ಸಿಲ್‌ಗಿಂತ ದಪ್ಪವಿರಲಿ, ಕವರಿನ ತಳದಿಂದ ಬೇರು ಸುತ್ತಿ ಸುತ್ತಿ ಹೊರಬಂದದ್ದು ಬೇಡ. ಆಂಧ್ರದ ಕಡಿಯಂ ಕಡೆಯಿಂದ ಲಾರಿಯಲ್ಲಿ ಬರುವ ಗಿಡಗಳ ಬೇರಿಗೆ ಜೇಡಿ ಮಣ್ಣಿನ ಉಂಡೆ ಇರುತ್ತದೆ. ಹಾಗೇ ನೆಟ್ಟರೆ ನಮ್ಮ ಕೆಂಪು ಮಣ್ಣು ನೀರು ಕುಡಿಯುತ್ತದೆ, ಉಂಡೆ ಒಳಗೆ ಇಟ್ಟಿಗೆಯಾಗುತ್ತದೆ. ನೆಡುವ ಮೊದಲು ಒಂದು ಗಂಟೆ ನೀರಲ್ಲಿಟ್ಟು ಹೊರಗಿನ ಜೇಡಿಯನ್ನು ಬೆರಳಿನಿಂದ ಸಡಿಲಿಸಿ. ಬೇರು ಹರಿಯುವಷ್ಟು ಉತ್ಸಾಹ ಬೇಡ.

ನೆಡಲು ಮುಂಗಾರು ಹಿಡಿದ ಮೇಲೆ, ಜೂನ್ ಕೊನೆ ಅಥವಾ ಜುಲೈ. ನಮ್ಮಲ್ಲಿ ದೊಡ್ಡ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನದು, ಅಷ್ಟರಲ್ಲಿ ಬೇರು ಕಚ್ಚಿರುತ್ತದೆ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯಿರಿ. ಕೆಳಗೆ ಗರಸು ಸಿಕ್ಕರೆ ಹಾರೆ ಹಾಕಿ ಒಡೆದುಬಿಡಿ, ಇಲ್ಲವಾದರೆ ಗಿಡ ಕುಂಡದಲ್ಲಿ ಕೂತ ಹಾಗೆಯೇ. ಬುಟ್ಟಿ ಮಣ್ಣಿಗೆ ಅರ್ಧ ಬುಟ್ಟಿ ಹಳೇ ತಿಪ್ಪೆಗೊಬ್ಬರ, ಎರಡು ಹಿಡಿ ಹೊಂಗೆ ಹಿಂಡಿ. ತಾತನ ಮನೆಯಿಂದ ಹುಳುವಿನ ಹಿಕ್ಕೆಯೂ ಸಿಗುತ್ತದೆ, ಆದರೆ ಹಸಿಯಾಗಿಯೇ ಹಾಕಿದರೆ ಬಿಸಿಯೇರಿ ಬೇರು ಸುಡುತ್ತದೆ. ಮೂರು ತಿಂಗಳು ಕೊಳೆಸಿ ಹಾಕಿ. ಮೊದಲ ವರ್ಷ ಮಳೆ ಇಲ್ಲದಾಗ ನಾಲ್ಕು ದಿನಕ್ಕೊಂದು ಬಿಂದಿಗೆ, ಸಂಜೆ. ಬುಡಕ್ಕೆ ಒಣ ಎಲೆಯೋ ತೆಂಗಿನ ಸಿಪ್ಪೆಯೋ ಮುಚ್ಚಿ, ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟು. ಎರಡನೇ ವರ್ಷದಿಂದ ವಾರಕ್ಕೊಮ್ಮೆ ಸಾಕು. ಕಣಗಿಲೆ, ಕಾಗದದ ಹೂವಿಗೆ ಅದೂ ಬೇಡ.

ಹಣ ಕೊಟ್ಟೇ ತರಬೇಕೆಂದಿಲ್ಲ. ನಂದಿಬಟ್ಟಲು, ದಾಸವಾಳ, ಸ್ಫಟಿಕ, ಡೆಲ್ಲಿ ಕನಕಾಂಬರ ಎಲ್ಲವೂ ಕಡ್ಡಿಯಿಂದ ಬರುತ್ತವೆ. ಗೇಣುದ್ದದ ಬಲಿತ ಕಡ್ಡಿ, ಕೆಳತುದಿಯನ್ನು ಗಿಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಮೇಲೆ ಎರಡೆಲೆ ಬಿಟ್ಟು ಉಳಿದದ್ದು ತೆಗೆಯಿರಿ. ಮರಳು ಬೆರೆಸಿದ ಮಣ್ಣಿನಲ್ಲಿ ನೆರಳಿಗಿಡಿ. ತಿಂಗಳು, ಒಂದೂವರೆ ತಿಂಗಳಿಗೆ ಬೇರು ಬರುತ್ತದೆ. ಎಳೆದು ಎಳೆದು ನೋಡಬೇಡಿ. ಬಟ್ಟೆ ಕತ್ತರಿಸುವ ಒಳ್ಳೆಯ ಕತ್ತರಿಯಂತೂ ಮುಟ್ಟಲೇಬೇಡಿ, ನಂದಿಬಟ್ಟಲಿನ ಹಾಲು ಒಣಗಿ ಅಂಟಿಕೊಂಡರೆ ಆಮೇಲೆ ಸ್ಯಾಟಿನ್ ಕತ್ತರಿಸುವ ಹಾಗಿಲ್ಲ.

ಮಲ್ಲಿಗೆಯನ್ನು ಸುಲಭ ಅನ್ನಲಾರೆ, ಆದರೂ ಬಿಡಲಾರೆ. ದುಂಡುಮಲ್ಲಿಗೆಗೆ ನವೆಂಬರ್ ಕೊನೆಗೆ ನೀರು ನಿಲ್ಲಿಸಿ, ಮೊಣಕಾಲೆತ್ತರಕ್ಕೆ ಕತ್ತರಿಸಿ, ಉಳಿದ ಎಲೆಯನ್ನೂ ಬಿಡಿಸಿ, ಮೂರು ವಾರ ಕಳೆದು ಗೊಬ್ಬರ ನೀರು ಕೊಡಬೇಕು. ಮಾರ್ಚ್‌ಗೆ ಮೊಗ್ಗು. ಇಷ್ಟು ಕೆಲಸ ಬೇಡ ಅನ್ನುವವರು ಕಾಕಡ ಹಾಕಿಕೊಳ್ಳಿ. ಇಕ್ಸೋರಾ ಹೋದ ಜಾಗ ಗೇಟಿನ ಎಡಕ್ಕೆ ಇನ್ನೂ ಖಾಲಿ ಇದೆ. ಮಾಲೂರಿನ ತಂಗಿ ಕಾಕಡದ ಕಡ್ಡಿ ಬೇರು ಬರಿಸಿ ಇಟ್ಟಿದ್ದಾಳೆ, ಮಳೆ ಹಿಡಿದ ಮೇಲೆ ಹೋಗಿ ತರಬೇಕು.