ಹಳೇ ಸ್ಟೀಲ್ ಸೈಕಲ್ಲಿಗೆ ಬಣ್ಣ: ಛಾಯೆ ಆರಿಸುವುದರಿಂದ ಕೊನೆಯ ಗೆರೆ ಎಳೆಯುವವರೆಗೆ

ಬಣ್ಣದಂಗಡಿಗೆ ಹೋಗುವ ಮುಂಚೆ ಸೈಕಲ್ಲನ್ನು ಅಂಗಳದ ಬಿಸಿಲಿಗೆ ತಂದು ನಿಲ್ಲಿಸಿ. ಅದರಲ್ಲಿ ಬದಲಾಗದೆ ಉಳಿಯುವ ಭಾಗಗಳು ಯಾವುವು ಎಂದು ಮೊದಲು ನೋಡಿ: ಕ್ರೋಮ್ ರಿಮ್ಮು, ಕಂದು ಚರ್ಮದ ಸೀಟು, ರಾಡ್ ಬ್ರೇಕಿನ ಕಡ್ಡಿಗಳು, ಮುಂದಿನ ಹಿತ್ತಾಳೆ ಬಿಲ್ಲೆ. ಹೊಸ ಬಣ್ಣ ಇವುಗಳ ಜೊತೆ ಬಾಳಬೇಕು. ಕಂದು ಸೀಟಿನ ಪಕ್ಕ ಕಡುಹಸಿರು, ವೈನ್ ಕೆಂಪು, ಕೆನೆಬಣ್ಣ ಮೂರೂ ಒಪ್ಪುತ್ತವೆ. ಕ್ರೋಮ್ ಮಾಸಿದ್ದರೆ ಅಚ್ಚ ಬಿಳಿ ಬೇಡ. ಬಿಳಿಯ ಪಕ್ಕದಲ್ಲಿ ಅದು ಇನ್ನೂ ಕೊಳಕಾಗಿ ಕಾಣುತ್ತದೆ. ಕಡುಬಣ್ಣದ ಪಕ್ಕ ಅದೇ ಕ್ರೋಮ್ ಹೊಳೆಯುತ್ತದೆ.

ಅಟ್ಲಾಸ್, ಹರ್ಕ್ಯುಲಿಸ್ ಅಂದರೆ ಎಷ್ಟೋ ಜನರ ಕಣ್ಣಿಗೆ ಕಪ್ಪು ಬಣ್ಣ, ಚಿನ್ನದ ಗೆರೆಯೇ ಬರುತ್ತದೆ. ಆ ಕಪ್ಪೇ ಬೇಕಾದರೆ ತಿಕ್ಕುವ ಕೆಲಸ ಎರಡರಷ್ಟು ಎಂದು ತಿಳಿದಿರಿ. ತುಕ್ಕು ತಿಂದ ಪ್ರತಿ ಗುಳಿ, ವಾಟರ್ ಪೇಪರಿನ ಪ್ರತಿ ಗೀರು ಹೊಳಪಿನ ಕಪ್ಪಿನಲ್ಲಿ ಎದ್ದು ಕಾಣುತ್ತದೆ. ಕೆನೆಬಣ್ಣ ಬಹಳಷ್ಟನ್ನು ಮುಚ್ಚಿಕೊಳ್ಳುತ್ತದೆ. ಕಡುಹಸಿರು ಎರಡರ ನಡುವೆ. ಮೊದಲ ಸಲ ಮಾಡುವವರಿಗೆ ಅದೇ ಒಳ್ಳೆಯದು.

‘ಬಾಟಲ್ ಗ್ರೀನ್ ಕೊಡಿ’ ಎಂದು ಕೇಳಬೇಡಿ. ಅಂಗಡಿಯಿಂದ ಅಂಗಡಿಗೆ ಆ ಹೆಸರಿನ ಬಣ್ಣ ಬೇರೆ. ಸಂಖ್ಯೆ ಹೇಳಿ. 1927ರಲ್ಲಿ ಜರ್ಮನಿಯಲ್ಲಿ 40 ಬಣ್ಣಗಳಿಂದ ಶುರುವಾದ ರಾಲ್ (RAL) ಬಣ್ಣಪಟ್ಟಿಯಲ್ಲಿ 6005 ಪಾಚಿ ಹಸಿರು, 3005 ವೈನ್ ಕೆಂಪು, 5011 ಉಕ್ಕಿನ ನೀಲಿ, 1015 ತಿಳಿ ದಂತಬಣ್ಣ. ಸ್ಟೀಲ್ ಸೈಕಲ್ಲಿಗೆ ಈ ನಾಲ್ಕೂ ಚೆಂದ. ಕಾರು, ಬೈಕುಗಳ ಬಣ್ಣದ ಕೋಡ್ ಹೇಳಿದರೂ ಆಟೊ ಪೇಂಟ್ ಅಂಗಡಿಯವರು ಕಲಸಿಕೊಡುತ್ತಾರೆ. ಕೋಡನ್ನು ಬರೆದಿಟ್ಟುಕೊಳ್ಳಿ, ಮುಂದೆ ಗೀರು ಬಿದ್ದಾಗ 50 ಮಿಲಿ ಅದೇ ಬಣ್ಣ ಸಿಗುವುದು ಅದರಿಂದಲೇ.

ಛಾಯೆ ಪರೀಕ್ಷೆಯನ್ನು ಕಾರ್ಡಿನ ಮೇಲಲ್ಲ, ಒಂದಡಿ ಕಬ್ಬಿಣದ ಪೈಪಿನ ಮೇಲೆ ಮಾಡಿ. ದುಂಡು ಕೊಳವೆಯಲ್ಲಿ ಬೆಳಕು ಒಂದು ಪಟ್ಟಿಯಷ್ಟೇ ಬೀಳುತ್ತದೆ, ಉಳಿದದ್ದು ನೆರಳು. ಅದಕ್ಕೇ ಕಾರಿನ ಬಾಗಿಲ ಮೇಲೆ ಮಿನುಗುವ ಮೆಟಾಲಿಕ್ ಬಣ್ಣ ಒಂದಿಂಚಿನ ಕೊಳವೆಯ ಮೇಲೆ ಗಾಢವಾಗಿ ಕಾಣುತ್ತದೆ. ಮೆಟಾಲಿಕ್ ಬೇಕೆಂದರೆ ಮನಸ್ಸಿಗೆ ಬಂದದ್ದಕ್ಕಿಂತ ಒಂದು ಛಾಯೆ ತಿಳಿಯಾದದ್ದನ್ನು ಆರಿಸಿ. ಕೆಂಪು, ಹಳದಿಗಳಿಗೆ ಮುಚ್ಚುವ ಶಕ್ತಿ ಕಡಿಮೆ. ಗಾಢ ಬೂದು ಪ್ರೈಮರ್ (ಅಡಿಬಣ್ಣ) ಮೇಲೆ ಹಳದಿ ಹೊಡೆದರೆ ಮಂಕು ಬಡಿಯುತ್ತದೆ, ಅಡಿಯಲ್ಲಿ ಬಿಳಿ ಇರಬೇಕು. ಮ್ಯಾಟ್ ಫಿನಿಶ್ ಫೋಟೋದಲ್ಲಿ ಚೆಂದ, ಆದರೆ ಗೀರು ಬಿದ್ದರೆ ಪಾಲಿಶ್ ಮಾಡಿ ತೆಗೆಯಲಾಗದು. ತಿಕ್ಕಿದ ಜಾಗ ಹೊಳೆಯತೊಡಗುತ್ತದೆ. ದಿನಾ ಓಡಿಸುವ ಸೈಕಲ್ಲಿಗೆ ಹೊಳಪಿನ (ಗ್ಲಾಸಿ) ಫಿನಿಶ್ಶೇ ಸರಿ.

ಪೌಡರ್ ಕೋಟಿಂಗೋ, ಗನ್ನಿನಲ್ಲಿ ಹೊಡೆಯುವ ಪೇಂಟೋ? ಪೌಡರ್ ಗಟ್ಟಿ, ಅಗ್ಗ. ಸುಮಾರು 180–200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸುತ್ತಾರೆ. ಹಿತ್ತಾಳೆ ಬೆಸುಗೆಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ಪದರ ದಪ್ಪ. ಕೊಳವೆಗಳು ಕೂಡುವಲ್ಲಿನ ಲಗ್ಗುಗಳ ಚೂಪು ಅಂಚು ಅದರಡಿ ಕರಗಿದಂತೆ ಮೊಂಡಾಗುತ್ತದೆ. ಜೊತೆಗೆ, ತಗ್ಗಿಗೆ ಹಾಕಿದ ಬಾಡಿ ಪುಟ್ಟಿ ಆ ಶಾಖ ತಡೆಯದು. ಲಗ್ಗಿನ ಅಂಚಿಗೆ ಗೆರೆ ಎಳೆಯುವ ಆಸೆ ಇದ್ದರೆ ಗನ್ನಿನ ಪೇಂಟೇ ಬೇಕು. ಮುಂದಿನದೆಲ್ಲ ಅದರ ಬಗ್ಗೆ.

ಬೇರಿಂಗ್ ಕಪ್ಪುಗಳನ್ನೂ ಸೇರಿಸಿ ಎಲ್ಲ ಬಿಚ್ಚಿ. ಪೆಡಲ್ ಅಚ್ಚಿನ ಬಲಗಡೆ ಕಪ್ಪಿಗೆ ಎಡ ಥ್ರೆಡ್, ಅಂದರೆ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ಬಡಿದು ಥ್ರೆಡ್ ಹಾಳುಮಾಡಿದವರು ಬಹಳ. ಬಿಲ್ಲೆಯ ರಿವೆಟ್ಟುಗಳನ್ನು ಹಿಂದಿನಿಂದ ಅರದಲ್ಲಿ ಉಜ್ಜಿ ತೆಗೆಯಿರಿ, ಮುಂದಿನಿಂದ ಮೀಟಿದರೆ ತೆಳು ಹಿತ್ತಾಳೆ ಮಡಚಿಹೋಗುತ್ತದೆ.

ಹಳೇ ಬಣ್ಣವನ್ನು ಪೇಂಟ್ ರಿಮೂವರ್ ಹಚ್ಚಿ ಕೆರೆದು, ಉಳಿದ ತುಕ್ಕನ್ನು 120, ಆಮೇಲೆ 180ರ ಎಮರಿಯಲ್ಲಿ ತೆಗೆಯಬಹುದು. ಸ್ಯಾಂಡ್ ಬ್ಲಾಸ್ಟಿಂಗಿಗೆ ಕೊಟ್ಟರೆ ಸಣ್ಣ ಕಣದ ಗ್ರಿಟ್, ಕಡಿಮೆ ಒತ್ತಡ ಎಂದು ಹೇಳಿಯೇ ಕೊಡಿ. ದಪ್ಪ ಮರಳು ತೆಳು ಕೊಳವೆಯನ್ನು ತಿನ್ನುತ್ತದೆ. ಕೊಡುವ ಮುಂಚೆ ಎಲ್ಲ ತೂತುಗಳಿಗೂ ರಬ್ಬರ್ ಬಿರಡೆ ಹಾಕಿ. ಒಳಗೆ ಉಳಿದ ಗ್ರಿಟ್ ಮುಂದೆ ಕೆಳಗಿನ ಬೇರಿಂಗಿಗೆ ಇಳಿದು ಗುಂಡುಗಳನ್ನು ಅರೆಯುತ್ತದೆ.

ಬರಿಮೈ ಕಬ್ಬಿಣ ಕಾಯುವುದಿಲ್ಲ. ಅದೇ ದಿನ, ಆದಷ್ಟೂ ನಾಲ್ಕು ಗಂಟೆಯೊಳಗೆ ಎಪಾಕ್ಸಿ ಪ್ರೈಮರ್ ಎರಡು ಕೋಟ್ ಬೀಳಲಿ. ಅದಕ್ಕೆ ಮುಂಚೆ ಎರಡು ಬಟ್ಟೆ ಹಿಡಿಯಿರಿ: ಒಂದರಲ್ಲಿ ಜಿಡ್ಡು ತೆಗೆಯುವ ದ್ರಾವಣ, ಇನ್ನೊಂದು ಒಣ. ಒದ್ದೆ ಆರುವ ಮುಂಚೆಯೇ ಒಣಬಟ್ಟೆಯಲ್ಲಿ ಒರೆಸಬೇಕು, ಇಲ್ಲದಿದ್ದರೆ ಜಿಡ್ಡು ಅಲ್ಲೇ ಕೂರುತ್ತದೆ. ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ ಬೆರಳಿನಿಂದ ಫ್ರೇಮಿಗೆ ತಾಗಿದರೂ ಸಾಕು, ಬಣ್ಣ ಆ ಜಾಗದಿಂದ ಹಿಂದೆ ಸರಿದು ಮೀನಿನ ಕಣ್ಣಿನಂಥ ಸಣ್ಣ ಗುಂಡಿ ಬೀಳುತ್ತದೆ.

ಅಗ್ಗವೆಂದು ರೆಡ್ ಆಕ್ಸೈಡ್ ಪ್ರೈಮರ್ ಹಚ್ಚಿ ಅದರ ಮೇಲೆ ಪಿಯು (ಪಾಲಿಯುರೆಥೇನ್, ಹಾರ್ಡನರ್ ಬೆರೆಸಿ ಹೊಡೆಯುವ) ಪೇಂಟ್ ಹೊಡೆಯುವುದು ಸಾಮಾನ್ಯ ತಪ್ಪು. ಮೇಲಿನ ಥಿನ್ನರ್ ಕೆಳಗಿನ ಮೆತ್ತನೆಯ ಪದರಕ್ಕೆ ಇಳಿದು ಉಬ್ಬಿಸುತ್ತದೆ. ಹತ್ತೇ ನಿಮಿಷದಲ್ಲಿ ಕಾದ ಹಾಲಿನ ಕೆನೆಯಂತೆ ಇಡೀ ಬಣ್ಣ ಸುಕ್ಕುಗಟ್ಟುತ್ತದೆ. ಆಗ ಪೂರ್ತಿ ಕೆರೆದು ಮೊದಲಿನಿಂದ ಶುರುಮಾಡುವುದೊಂದೇ ದಾರಿ. ರೆಡ್ ಆಕ್ಸೈಡ್ ಹಚ್ಚಿಯಾಗಿದ್ದರೆ ಮೇಲೆಯೂ ಸಿಂಥೆಟಿಕ್ ಎನಾಮಲ್ ಅನ್ನೇ ಹೊಡೆಯಿರಿ.

ಪ್ರೈಮರ್ ಒಂದು ರಾತ್ರಿ ಒಣಗಿದ ಮೇಲೆ ಗುಳಿಗಳಿಗೆ ಪುಟ್ಟಿ, ಅದರ ಮೇಲೆ ಸರ್ಫೇಸರ್ (ಮೈ ಸಮ ಮಾಡುವ ಪದರ), ಆಮೇಲೆ 400 ಮತ್ತು 600ರ ವಾಟರ್ ಪೇಪರ್. ಲಗ್ಗಿನ ಅಂಚಿನ ಮೇಲೆ ಪೇಪರ್ ಒತ್ತಬೇಡಿ, ಅಲ್ಲಿ ನಾಲ್ಕೇ ಉಜ್ಜಿಗೆ ಕಬ್ಬಿಣ ಕಾಣುತ್ತದೆ. ಫ್ರೇಮು, ಫೋರ್ಕಿಗೆ ಬಣ್ಣ 250 ಮಿಲಿ, ಕ್ಲಿಯರ್ (ಬಣ್ಣದ ಮೇಲಿನ ಪಾರದರ್ಶಕ ಪದರ) ಅಷ್ಟೇ ತನ್ನಿ. ಕೊಳವೆ ಸಣ್ಣದಾದ್ದರಿಂದ ಹೊಡೆದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಗಾಳಿಪಾಲು.

ಕರಾವಳಿ, ಮಲೆನಾಡಿನವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಗಾಳಿಯ ತೇವ ಒಣಗುತ್ತಿರುವ ಬಣ್ಣದಲ್ಲಿ ಸಿಕ್ಕಿ, ಬೂದಿ ಬಳಿದ ಹಾಗೆ ಮಂಕಾಗುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ, ಅದರಲ್ಲೂ ಬೆಳಿಗ್ಗೆ ಹತ್ತರ ನಂತರ. ಮುಂಜಾನೆ ಕಬ್ಬಿಣ ತಣ್ಣಗಿದ್ದು ಮೈಮೇಲೆ ಕಣ್ಣಿಗೆ ಕಾಣದ ನೀರಿರುತ್ತದೆ.

ಫ್ರೇಮನ್ನು ತೂಗುಹಾಕಿ. 1.3 ಮಿಮೀ ನಾಝಲ್, ಆರೇಳು ಇಂಚು ದೂರ. ಮೊದಲು ಪೆಡಲ್ ಅಚ್ಚಿನ ಅಡಿ, ಹಿಂದಿನ ಕವಲುಗಳ ಒಳಮೈ, ಲಗ್ಗಿನ ಸಂದುಗಳು. ಕೊನೆಗೆ ಉದ್ದ ಕೊಳವೆಗಳು. ತಿರುಗುಮುರುಗಾದರೆ ಸಂದಿಗೆ ಹೊಡೆಯುವಾಗ ಏಳುವ ಬಣ್ಣದ ದೂಳು ಆಗಲೇ ನುಣುಪಾದ ಕೊಳವೆಯ ಮೇಲೆ ಕೂತು ಒರಟಾಗುತ್ತದೆ. ತೆಳುವಾಗಿ ಮೂರು ಕೋಟ್, ನಡುವೆ 10–15 ನಿಮಿಷ. ಒಂದೇ ಸಲ ದಪ್ಪ ಹೊಡೆದರೆ ಸಂದಿಯಲ್ಲಿ ಸೋರಿ ಹನಿ ನಿಲ್ಲುತ್ತದೆ.

ಹೆಸರಿನ ಸ್ಟಿಕ್ಕರ್ ಬಣ್ಣದ ಮೇಲೆ, ಕ್ಲಿಯರ್‌ನ ಕೆಳಗೆ. ಮೊದಲ ಕ್ಲಿಯರ್ ಕೋಟ್ ಮಂಜಿನಷ್ಟೇ ತೆಳು ಇರಲಿ, ಒದ್ದೆಯಾದರೆ ಸ್ಟಿಕ್ಕರ್ ಅಂಚು ಮೇಲೇಳುತ್ತದೆ. ಒಂದು ಎಚ್ಚರಿಕೆ: ಪಿಯು ಹಾರ್ಡನರ್‌ನಲ್ಲಿರುವ ಐಸೊಸಯನೇಟ್‌ಗೆ ಬಟ್ಟೆಯ ಮಾಸ್ಕ್ ತಡೆಯೇ ಅಲ್ಲ. ಅದರಿಂದ ಆಸ್ತಮಾ ಬರುತ್ತದೆ, ಒಮ್ಮೆ ಬಂದರೆ ಬಿಡದೆ ಕಾಡಬಹುದು. ಸರಿಯಾದ ಉಸಿರು ರಕ್ಷಣೆ ಇಲ್ಲದವರು ಪ್ರೈಮರ್‌ವರೆಗಿನ ತಯಾರಿ ಮನೆಯಲ್ಲಿ ಮಾಡಿ, ಬಣ್ಣ ಮತ್ತು ಕ್ಲಿಯರ್ ಅನ್ನು ಕಾರು ಪೇಂಟ್ ಮಾಡುವ ಬೂತಿಗೆ ಕೊಡಿ.

ಇನ್ನು ಗೆರೆ. ಹಳೇ ಸೈಕಲ್ಲಿಗೆ ಜೀವ ಬರುವುದೇ ಇಲ್ಲಿ, ಇದಕ್ಕೆ ಒಂದು ಇಡೀ ದಿನ ಎತ್ತಿಡಿ. ಕ್ಲಿಯರ್ ಒಂದು ವಾರ ಗಟ್ಟಿಯಾದ ಮೇಲೆ ಅದರ ಮೇಲೆಯೇ ಎನಾಮಲ್‌ನಲ್ಲಿ ಎಳೆಯಿರಿ. ಇದರಿಂದ ದೊಡ್ಡ ಅನುಕೂಲ: ಗೆರೆ ಸೊಟ್ಟಗಾದರೆ ಟರ್ಪೆಂಟೈನ್ ಒದ್ದೆ ಬಟ್ಟೆಯಲ್ಲಿ ಒರೆಸಿ ಮತ್ತೆ ಎಳೆಯಬಹುದು, ಕೆಳಗಿನ ಪಿಯು ಅದಕ್ಕೆ ಜಗ್ಗುವುದಿಲ್ಲ. ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರನ್ನಂತೂ ಬಳಸಬೇಡಿ. ಬ್ರಷ್ಷಿನ ಕೂದಲು ಒಂದೂವರೆ ಇಂಚಾದರೂ ಉದ್ದವಿರಲಿ. ಉದ್ದ ಕೂದಲು ಕೈನಡುಕವನ್ನು ನುಂಗಿಕೊಳ್ಳುತ್ತದೆ. ಬಣ್ಣಕ್ಕೆ ನಾಲ್ಕೈದು ಹನಿ ಟರ್ಪೆಂಟೈನ್ ಸೇರಿಸಿ ಗಾಜಿನ ಮೇಲೆ ಬ್ರಷ್ಷನ್ನು ಚಪ್ಪಟೆ ಮಾಡಿಕೊಳ್ಳಿ. ಕಿರುಬೆರಳನ್ನು ಕೊಳವೆಗೆ ಆನಿಸಿ, ಲಗ್ಗಿನ ಮೂತಿಯಿಂದ ಶುರುಮಾಡಿ, ಅಂಚಿಗೆ ಒಂದೂವರೆ ಮಿಮೀ ಗೆರೆ ತನ್ನತ್ತ ಎಳೆಯುತ್ತ ಬನ್ನಿ. ಕಣ್ಣು ಬ್ರಷ್ಷಿನ ಮೇಲಲ್ಲ, ಗೆರೆ ಹೋಗಬೇಕಾದ ಜಾಗದ ಮೇಲಿರಲಿ.

ಹಿತ್ತಾಳೆ ಪುಡಿ ಕಲಸಿದ ಗೋಲ್ಡ್ ಪೇಂಟ್ ಬಯಲಲ್ಲಿ ಕಂದುತ್ತದೆ. ಅದರ ಬದಲು ಹಳದಿಗೆ ಚೂರು ಕಂದು ಬೆರೆಸಿದ ಬಣ್ಣ ಎಳೆದರೆ ಮೂರಡಿ ದೂರದಿಂದ ಚಿನ್ನವೇ. ವೈನ್ ಕೆಂಪಿಗೆ ಕೆನೆಬಣ್ಣದ ಗೆರೆ, ಕೆನೆಬಣ್ಣಕ್ಕೆ ಕೆಂಪು. ಮಡ್‌ಗಾರ್ಡಿಗೂ ಅದೇ ಗೆರೆ ಹೋಗಲಿ, ಇಲ್ಲದಿದ್ದರೆ ಫ್ರೇಮು ಬೇರೆ ಸೈಕಲ್ಲಿನದ್ದು ಅನ್ನಿಸುತ್ತದೆ.

ಜೋಡಿಸುವ ಮುಂಚೆ ಬೇರಿಂಗ್ ಕಪ್ ಕೂರುವ ಜಾಗ, ಥ್ರೆಡ್, ಹಿಂದಿನ ಅಚ್ಚಿನ ನಟ್ಟು ಒತ್ತುವ ಜಾಗದ ಬಣ್ಣವನ್ನು ಕೆರೆದು ಗ್ರೀಸ್ ಹಚ್ಚಿ. ನಟ್ಟಿನಡಿ ಬಣ್ಣ ಉಳಿದರೆ ಅದು ಪುಡಿಯಾಗಿ ನಟ್ಟು ಸಡಿಲವಾಗುತ್ತದೆ, ಪೆಡಲ್ ತುಳಿದಾಗ ಚಕ್ರ ಓರೆಯಾಗುತ್ತದೆ. ಡೈನಮೊ, ಗಾಳಿ ಪಂಪಿನ ಕ್ಲಿಪ್ಪುಗಳನ್ನು ಎನಾಮಲ್ ಫ್ರೇಮಿಗೆ ಮೂರು ವಾರ ಕಟ್ಟಬೇಡಿ. ಆಮೇಲೂ ಕ್ಲಿಪ್ಪಿನಡಿ ಹಳೇ ಟ್ಯೂಬಿನ ಒಂದು ಪಟ್ಟಿ ಇರಲಿ.