ಹೊಟ್ಟೆಯಲ್ಲಿ ಅವಳಿ ಎಂದು ಗೊತ್ತಾದ ಮನೆಯವರಿಗೆ

ನಾನು ಹಳ್ಳಿಯ ಉಪಕೇಂದ್ರದ ನರ್ಸ್. ಅವಳಿ ಎಂದು ತಿಳಿದ ಮನೆಗೆ ಹೋದಾಗ ನಾನು ಮೊದಲು ಕೇಳುವುದು, ‘ಹೆರಿಗೆ ಎಲ್ಲಿ?’ ಎಂದು. ‘ತವರಿನಲ್ಲಿ’ ಎಂದರೆ ನನಗೆ ಸಮಾಧಾನವಿಲ್ಲ. ತವರಿಗೆ ಹತ್ತಿರದಲ್ಲಿ ರಾತ್ರಿಯೂ ಸಿಸೇರಿಯನ್ ಮಾಡುವ, ರಕ್ತ ಸಿಗುವ, ಎಳೆಗೂಸುಗಳ ವಿಶೇಷ ಘಟಕವಿರುವ ಆಸ್ಪತ್ರೆ ಯಾವುದು? ಅದನ್ನು ಗೊತ್ತುಮಾಡಿಕೊಂಡೇ ಕುಬುಸ ಮಾಡಿ. ಕಳುಹಿಸುವಾಗ ತಾಯಿ ಕಾರ್ಡ್ ಜೊತೆಗಿರಲಿ, ಆ ಊರಿನ ಆಶಾ ಕಾರ್ಯಕರ್ತೆಗೆ ಫೋನ್ ಹೋಗಲಿ.

ಮೊದಲ ಸ್ಕ್ಯಾನ್ 11ರಿಂದ 14 ವಾರದೊಳಗೆ ಆಗಬೇಕು. ಮಾಸು ಒಂದೋ ಎರಡೋ ಎಂದು ವೈದ್ಯರನ್ನು ಕೇಳಿ. ತಡವಾದರೆ ಹೇಳುವುದು ಕಷ್ಟ. ಮಾಸು ಒಂದೇ ಇದ್ದರೆ ಒಂದು ಕೂಸಿನ ರಕ್ತ ಇನ್ನೊಂದಕ್ಕೆ ಹರಿದು ಎರಡಕ್ಕೂ ಅಪಾಯವಾಗಬಹುದು. ಆಗ 16ನೇ ವಾರದಿಂದ ಎರಡು ವಾರಕ್ಕೊಮ್ಮೆ ಸ್ಕ್ಯಾನ್ ಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ಇರುತ್ತದೆ, ತಪ್ಪಿಸಬೇಡಿ. ತಲೆನೋವು, ಕಣ್ಣು ಮಂಜು, ಮುಖದ ಬಾವು ಕಂಡರೆ ಆ ದಿನಕ್ಕಾಗಿ ಕಾಯದೆ ಆಗಲೇ ಹೊರಡಿ.

ಅವಳಿಗಳಲ್ಲಿ ಅರ್ಧಕ್ಕಿಂತ ಹೆಚ್ಚು 37 ವಾರ ತುಂಬುವ ಮೊದಲೇ ಹುಟ್ಟುತ್ತವೆ. ಆದ್ದರಿಂದ ಏಳನೇ ತಿಂಗಳಿಗೇ ಬಟ್ಟೆಯ ಚೀಲ ಸಿದ್ಧವಿರಲಿ. ದಿನ ತುಂಬುವ ಮೊದಲು ನೋವು ಬಂದರೆ ‘ಸುಳ್ಳು ನೋವು’ ಎಂದು ಕಷಾಯ ಕುಡಿಸುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ. ಕೂಸಿನ ಶ್ವಾಸಕೋಶ ಬಲಿಯಲು ಆಸ್ಪತ್ರೆಯಲ್ಲಿ ಕೊಡುವ ಇಂಜೆಕ್ಷನ್ ಕೆಲಸ ಮಾಡಲು ಒಂದು ದಿನವಾದರೂ ಬೇಕು. ಮನೆಯಲ್ಲಿ ಹೆರಿಗೆ ಬೇಡವೇ ಬೇಡ: ಮೊದಲನೆಯದು ಸುಸೂತ್ರವಾಗಿ ಬಂದರೂ ಎರಡನೆಯದು ಅಡ್ಡ ತಿರುಗಬಹುದು, ಆಮೇಲೆ ತಾಯಿಗೆ ರಕ್ತಸ್ರಾವ ನಿಲ್ಲದಿರಬಹುದು.

ಕೂಸುಗಳು ಎರಡೂವರೆ ಕಿಲೋಗಿಂತ ಕಡಿಮೆ ಇದ್ದರೆ ಕಾಂಗರೂ ಆರೈಕೆ ಮಾಡಿ. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೋಟಾದಲ್ಲಿ ಇನ್‌ಕ್ಯುಬೇಟರ್ ಸಾಲದೆ ಶುರುವಾದ ಈ ಪದ್ಧತಿಗೆ ಖರ್ಚೇ ಇಲ್ಲ. ಕೂಸಿಗೆ ಟೋಪಿ, ಕಾಲುಚೀಲ, ಲಂಗೋಟಿ ಮಾತ್ರ ಹಾಕಿ. ತಾಯಿಯ ಬರಿ ಎದೆಯ ಮೇಲೆ ನೆಟ್ಟಗೆ, ಕಪ್ಪೆಯ ಹಾಗೆ ಕಾಲು ಮಡಚಿ ಮಲಗಿಸಿ, ಮುಖ ಪಕ್ಕಕ್ಕೆ ತಿರುಗಿಸಿ, ಮೇಲೆ ಹತ್ತಿಯ ಸೀರೆ ಸುತ್ತಿ. ಇನ್ನೊಂದು ಕೂಸಿಗೆ ಅಪ್ಪನ ಎದೆ ಇದೆ. ಗಂಡಸರು ಮೊದಲು ನಾಚುತ್ತಾರೆ, ಕೂಸಿನ ಉಸಿರು ತಾಗಿದ ಮೇಲೆ ಬಿಡಲು ಒಪ್ಪುವುದಿಲ್ಲ.

ಗಿಣ್ಣುಹಾಲು ಚೆಲ್ಲಬೇಡಿ. ಚೀಪಲಾಗದ ಕೂಸಿಗೆ ಹಾಲು ಹಿಂಡಿ, ಕುದಿಸಿ ತೊಳೆದ ಒಳಲೆಯಲ್ಲಿ ಎರಡು ಗಂಟೆಗೊಮ್ಮೆ ಕುಡಿಸಿ. ಸಣ್ಣ ಕೂಸು ಅಳದೆ ಮಲಗಿರುತ್ತದೆ. ಅಳುವ ದೊಡ್ಡದಕ್ಕೆ ಎಲ್ಲರೂ ಓಡುತ್ತಾರೆ. ಸಣ್ಣದು ಹೆಣ್ಣಾದರಂತೂ ನಾನು ಕುಡಿಸುವ ಹೊತ್ತಿಗೇ ಹೋಗಿ ಕಣ್ಣಾರೆ ನೋಡಿ ಬರುತ್ತೇನೆ. ಸಣ್ಣದಕ್ಕೇ ಮೊದಲು ಕುಡಿಸಿ.